ಬೆಳಿಗ್ಗೆ ನಿಯಾನ್ ಟೆಟ್ರಾ ಮೀನಿನ ಬಣ್ಣ ಮಾಸಿದ್ದರೆ ಅದು ಕಾಯಿಲೆನಾ?

ಬೆಳಿಗ್ಗೆ ಟ್ಯಾಂಕ್ ಲೈಟ್ ಹಾಕಿದಾಗ ಮೀನುಗಳು ಬಿಳಿಚಿಕೊಂಡಿರುತ್ತವೆ ಅಂದಿದ್ದೀರಿ. ಗಾಬರಿ ಬೇಡ, ಅದು ಅವುಗಳ ರಾತ್ರಿಯ ಬಣ್ಣ.

ಆ ಹೊಳೆಯುವ ನೀಲಿ ಪಟ್ಟಿ ಇದೆಯಲ್ಲ, ಅದರಲ್ಲಿ ನೀಲಿ ಬಣ್ಣವೇ ಇಲ್ಲ! ಚರ್ಮದ ಜೀವಕೋಶಗಳೊಳಗೆ ಗ್ವಾನಿನ್ ಎಂಬ ವಸ್ತುವಿನ ತೆಳ್ಳನೆಯ ಹರಳುಗಳು ಸಾಲಾಗಿ ನಿಂತಿರುತ್ತವೆ. ಬೆಳಕು ಅವುಗಳಿಗೆ ಬಡಿದು ವಾಪಸ್ ಬರುವಾಗ ನಮಗೆ ನೀಲಿ-ಹಸಿರು ಕಾಣುತ್ತದೆ. ಕತ್ತಲಾದ ಮೇಲೆ ಹರಳುಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಪಟ್ಟಿ ನೇರಳೆಗೆ ತಿರುಗಿ ಮಂಕಾಗುತ್ತದೆ. ಕೆಳಗಿನ ಕೆಂಪು ಮಾತ್ರ ನಿಜವಾದ ಬಣ್ಣ, ಅದೂ ರಾತ್ರಿ ಮಾಸುತ್ತದೆ. ಲೈಟ್ ಹಾಕಿ ಸ್ವಲ್ಪ ಹೊತ್ತು ಸುಮ್ನೆ ನೋಡ್ತಾ ಕೂತಿರಿ, ಹೊಳಪು ತಾನಾಗೇ ವಾಪಸ್ ಬರುತ್ತದೆ.

ಇವು ಅಮೆಜಾನ್ ಕಡೆಯ ಕಾಡಿನ ತೊರೆಗಳ ಮೀನು. ಮರದ ನೆರಳು, ಎಲೆ ಕೊಳೆತು ಟೀ ಬಣ್ಣಕ್ಕೆ ತಿರುಗಿದ ಮೆದು ನೀರು ಇವಕ್ಕೆ ಒಗ್ಗಿದ್ದು. ಹಾಗಾಗಿ ಖಾಲಿ ಟ್ಯಾಂಕು, ಬಿಳಿ ಮರಳು, ಜಾಸ್ತಿ ಬೆಳಕು ಇದ್ದರೆ ಹಗಲಲ್ಲೂ ಪೇಲವವಾಗುತ್ತವೆ. ಗಿಡ ಹಾಕಿ.

ಕಾಯಿಲೆಯ ಲಕ್ಷಣ ಬೇರೆ: ಮಧ್ಯಾಹ್ನವಾದರೂ ಹೋಗದ ಬಿಳಿ ತೇಪೆ, ಡೊಂಕಾದ ಬೆನ್ನು, ಗುಂಪು ಬಿಟ್ಟು ಒಂಟಿಯಾಗಿ ಈಜೋದು. ಇದು ಪ್ಲೀಸ್ಟೋಫೊರಾ ಎಂಬ ಪರಾವಲಂಬಿಯ ಕಾಟ ಇರಬಹುದು. ಇದಕ್ಕೆ ನೆಚ್ಚಿಕೊಳ್ಳುವಂಥ ಔಷಧಿ ಇಲ್ಲ. ಅಂಥ ಮೀನನ್ನು ತಕ್ಷಣ ಬೇರೆ ಮಾಡಿ. ಸತ್ತದ್ದನ್ನು ಟ್ಯಾಂಕಿನಲ್ಲೇ ಬಿಟ್ಟರೆ ಉಳಿದವು ಕಚ್ಚಿ ತಿಂದು ಅವಕ್ಕೂ ಅಂಟುತ್ತದೆ.