ಕಿವಿ ಮುಚ್ಚದ ಇಯರ್‌ಫೋನಿನ ಸದ್ದು ಪಕ್ಕದವರಿಗೆ ಕೇಳದಿರಲು

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ದಿನವೂ ಗ್ರಂಥಾಲಯದಲ್ಲಿ ಕುಳಿತು ಪಾಠದ ಧ್ವನಿಮುದ್ರಣಗಳನ್ನು ಕೇಳುತ್ತೇನೆ. ಕಿವಿಯೊಳಗೆ ತುರುಕುವ ಇಯರ್‌ಫೋನಿನಿಂದ ತುರಿಕೆ ಬರುತ್ತಿತ್ತು. ಹಾಗಾಗಿ ಕಿವಿಯ ಮೇಲೆ ಸಿಕ್ಕಿಸುವ ಓಪನ್ ಇಯರ್ ಮಾದರಿಯನ್ನು ಕೊಂಡೆ. ಎರಡು ಸಲ ಪಕ್ಕದವರು ಸದ್ದಾಗುತ್ತಿದೆ ಎಂದು ಆಕ್ಷೇಪಿಸಿದರು. ಹಿಂಬದಿಯ ಸಣ್ಣ ಜಾಲರಿಯಿಂದ ಸದ್ದು ಬರುತ್ತಿರಬೇಕೆಂದು ಅದಕ್ಕೆ ಟೇಪು ಅಂಟಿಸಿದೆ. ಆಮೇಲೆ ದೂರು ಹೆಚ್ಚಿತೇ ಹೊರತು ತಗ್ಗಲಿಲ್ಲ. ಕಾರಣವೇನು?
– ಓದುಗರು, ಧಾರವಾಡ

ಉತ್ತರ: ಮೊದಲು ಆ ಟೇಪನ್ನು ಕಿತ್ತುಬಿಡಿ. ಸೋರಿಕೆಯನ್ನು ತಗ್ಗಿಸಲೆಂದೇ ಇಟ್ಟಿರುವ ತೂತನ್ನು ನೀವು ಮುಚ್ಚಿದ್ದೀರಿ.

ಸ್ಪೀಕರಿನ ತೆಳುವಾದ ಪೊರೆ ಮುಂದಕ್ಕೆ ಸರಿದಾಗ ಅದರ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಹೀಗೆ ಮುಂಬದಿಯಿಂದ ಹೊರಡುವ ಅಲೆಗೂ ಹಿಂಬದಿಯಿಂದ ಹೊರಡುವ ಅಲೆಗೂ ಸದಾ ವೈರ. ಎರಡಕ್ಕೂ ಹೊರಗೆ ಹೋಗಲು ದಾರಿ ಬಿಟ್ಟರೆ, ಎರಡಡಿ ದೂರದಲ್ಲಿ ಕುಳಿತವರನ್ನು ಅವು ಹೆಚ್ಚುಕಡಿಮೆ ಸಮಬಲದಲ್ಲಿ ತಲುಪಿ ಒಂದನ್ನೊಂದು ಅಳಿಸಿಹಾಕುತ್ತವೆ. ನಿಮ್ಮ ಕಿವಿಗಾದರೋ ಮುಂದಿನ ರಂಧ್ರ ತೀರ ಹತ್ತಿರ, ಹಿಂದಿನದು ದೂರ. ಆದ್ದರಿಂದ ಅಲ್ಲಿ ಸದ್ದು ಉಳಿಯುತ್ತದೆ. ಸದ್ದನ್ನು ಅದರ ವಿರುದ್ಧ ಸದ್ದಿನಿಂದ ಅಳಿಸುವ ಈ ವಿಚಾರ ಹೊಸದೇನಲ್ಲ. ಜರ್ಮನಿಯ ಪಾಲ್ ಲ್ಯೂಗ್ ಅವರಿಗೆ ಇದೇ ತತ್ತ್ವದ ಮೇಲೆ 1936ರಲ್ಲೇ ಅಮೆರಿಕದ ಪೇಟೆಂಟ್ ದೊರೆತಿತ್ತು. ಹಿಂಬದಿಯನ್ನು ಮುಚ್ಚಿದಿರೆಂದರೆ ಅಳಿಸುವ ಅಲೆಯೇ ಇಲ್ಲವಾಯಿತು. ಜೊತೆಗೆ ಪೊರೆಯ ಓಟ ಬಿಗಿಯಾಗಿ ಮಂದ್ರ ಸ್ವರಗಳು ಸೊರಗುತ್ತವೆ, ನೀವು ವಾಲ್ಯೂಮ್ ಏರಿಸುತ್ತೀರಿ, ಪಕ್ಕದವರಿಗೆ ಎರಡು ಬಗೆಯಲ್ಲೂ ತೊಂದರೆ.

ಆದರೂ ಈ ಉಪಾಯಕ್ಕೆ ಒಂದು ಮಿತಿಯುಂಟು. ಎರಡು ರಂಧ್ರಗಳ ನಡುವೆ 2 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳೋಣ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. 500 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 70 ಸೆಂಟಿಮೀಟರ್; ಅದಕ್ಕೆ 2 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ಆದ್ದರಿಂದ ಅಳಿಸುವಿಕೆ ಚೆನ್ನಾಗಿ ನಡೆಯುತ್ತದೆ. ‘ಸ’, ‘ಶ’ಗಳ ಸೀಳುಸದ್ದು 5,000 ಹರ್ಟ್ಸ್‌ನ ಆಸುಪಾಸಿನದು, ಅದರ ಅಲೆ 7 ಸೆಂಟಿಮೀಟರೂ ಇಲ್ಲ. ಅಲ್ಲಿ ಎರಡು ಅಲೆಗಳ ತಾಳ ತಪ್ಪುತ್ತದೆ, ಸದ್ದು ತಪ್ಪಿಸಿಕೊಂಡು ಹೊರಬೀಳುತ್ತದೆ. ನಿಮ್ಮ ಪಕ್ಕದವರನ್ನೇ ವಿಚಾರಿಸಿ ನೋಡಿ: ಪಾಠದ ಒಂದು ಪದವೂ ಅವರಿಗೆ ತಿಳಿದಿರಲಾರದು, ಬರಿಯ ‘ಚಿಸ್ ಚಿಸ್’ ಕೇಳಿ ಓದು ಕೆಟ್ಟಿರುತ್ತದೆ. ಫೋನಿನ ಈಕ್ವಲೈಸರಿನಲ್ಲಿ (ಮಂದ್ರ, ತಾರ ಸ್ವರಗಳ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) 4,000 ಹರ್ಟ್ಸ್‌ಗಿಂತ ಮೇಲಿನ ಪಟ್ಟಿಗಳನ್ನು 5 ಡೆಸಿಬೆಲ್‌ನಷ್ಟು ಇಳಿಸಿ. ಹಳೆಯ ತಂತಿ ದೂರವಾಣಿ ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ, ಅಷ್ಟರಲ್ಲೇ ನಾವು ಮಾತು ಅರ್ಥಮಾಡಿಕೊಳ್ಳುತ್ತಿದ್ದೆವು. ಪಾಠಕ್ಕೆ ಅಷ್ಟು ಧಾರಾಳವಾಗಿ ಸಾಕು.

ಇದಕ್ಕಿಂತಲೂ ಹೆಚ್ಚು ಫಲ ಕೊಡುವುದು ಸಾಧನವನ್ನು ಸರಿಯಾದ ಜಾಗದಲ್ಲಿ ಕೂರಿಸುವುದು. ಅಳಿಸುವಿಕೆಯನ್ನು ಬದಿಗಿಟ್ಟು ದೂರದ ಲೆಕ್ಕವನ್ನಷ್ಟೇ ನೋಡಿ. ರಂಧ್ರ ನಿಮ್ಮ ಕಿವಿಯ ನಾಳದಿಂದ ಒಂದೂವರೆ ಸೆಂಟಿಮೀಟರ್, ಪಕ್ಕದವರಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ, 40 ಪಟ್ಟು ಅಂತರದಿಂದಾಗಿ ಅವರಿಗೆ 32 ಡೆಸಿಬೆಲ್ ಕಡಿಮೆ ಸದ್ದು ಮುಟ್ಟುತ್ತದೆ. ಸಾಧನ ಜಾರಿ ನಿಮ್ಮಿಂದ 3 ಸೆಂಟಿಮೀಟರ್ ಆಚೆಗೆ ಹೋದರೆ ನಿಮಗೆ 6 ಡೆಸಿಬೆಲ್ ಕುಗ್ಗುತ್ತದೆ. ಅದನ್ನು ತುಂಬಲು ನೀವು ಏರಿಸುವ 6 ಡೆಸಿಬೆಲ್ ಪೂರ್ತಿಯಾಗಿ ಅವರ ಪಾಲಿಗೆ ಹೋಗುತ್ತದೆ. ತೀರ ಸಣ್ಣ ದನಿಯಲ್ಲಿ ಪಾಠ ಹಾಕಿಕೊಂಡು, ಸಾಧನವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸುತ್ತ, ಮಾತು ಥಟ್ಟನೆ ದಪ್ಪವಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಬಳಿಕ ವಾಲ್ಯೂಮನ್ನು ಇನ್ನೂ ಎರಡು ಮೆಟ್ಟಿಲು ಇಳಿಸಿ.

ಪ್ರಶ್ನೆ: ನನ್ನದು ಮೂಳೆಯ ಮೂಲಕ ಕೇಳಿಸುವ ಮಾದರಿ. ಸದ್ದು ಗಾಳಿಯಲ್ಲಿ ಹೋಗುವುದೇ ಇಲ್ಲವೆಂದು ಅಂಗಡಿಯವರು ಹೇಳಿದ್ದರು. ಆದರೂ ಮನೆಯವರಿಗೆ ಕೇಳುತ್ತದೆ.
– ಓದುಗರು, ಮೈಸೂರು

ಉತ್ತರ: ಅಂಗಡಿಯವರ ಮಾತು ತಪ್ಪು. ಕೆನ್ನೆಯ ಮೂಳೆಯನ್ನು ಅಲುಗಿಸುವ ಕಂಪನವೇ ಸಾಧನದ ಕವಚವನ್ನೂ ಅಲುಗಿಸುತ್ತದೆ, ಕವಚ ಗಾಳಿಯನ್ನು ಅಲುಗಿಸುತ್ತದೆ. ಸಾಧನವನ್ನು ಕೈಯಲ್ಲಿ ಹಿಡಿದು ಹಾಡು ಹಾಕಿದರೆ ನಿಮಗೇ ಕೇಳುತ್ತದೆ. ಕವಚಕ್ಕೂ ಚರ್ಮಕ್ಕೂ ನಡುವೆ ಕೂದಲು, ಕನ್ನಡಕದ ಕಡ್ಡಿ, ಮಾಸ್ಕಿನ ದಾರ ಯಾವುದೂ ಸಿಕ್ಕಿಕೊಂಡಿರಬಾರದು. ಸಂಪರ್ಕ ಸಡಿಲವಾದಷ್ಟೂ ನಿಮಗೆ ಕಡಿಮೆ ಕೇಳುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ. ಮನೆಯಲ್ಲಿ ಒಂದೆಡೆ ಕುಳಿತು ಕೇಳುವಾಗ ಕಿವಿಗೆ ಸ್ಪಂಜಿನ ಬಿರಡೆ ಹಾಕಿ ನೋಡಿ. ನಾಳ ಮುಚ್ಚಿದಾಗ ಮೂಳೆಯಿಂದ ಬಂದ ಮಂದ್ರ ಸದ್ದು ಹೊರಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ, ಹೊರಗಿನ ಗದ್ದಲವೂ ತಗ್ಗುತ್ತದೆ, ವಾಲ್ಯೂಮನ್ನು ಸಾಕಷ್ಟು ಇಳಿಸಬಹುದು. ರಸ್ತೆಯಲ್ಲಿ ನಡೆಯುವಾಗ ಮಾತ್ರ ಇದು ಖಂಡಿತ ಬೇಡ.

ಪ್ರಶ್ನೆ: ಬಸ್ಸಿನ ಪ್ರಯಾಣಕ್ಕೆ ಓಪನ್ ಇಯರ್ ಸಾಧನ ಕೊಳ್ಳಬೇಕೆಂದಿದ್ದೇನೆ. ಸೋರಿಕೆಯನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಅಂಗಡಿಯ ಗಲಾಟೆಯಲ್ಲಿ ಯಾವ ಸೋರಿಕೆಯೂ ಕೇಳದು. ಗೆಳೆಯರ ಸಾಧನವನ್ನು ಬೇಡಿ ತಂದು, ರಾತ್ರಿ ಫ್ಯಾನ್ ಆರಿಸಿ, ಮನೆಯವರೊಬ್ಬರನ್ನು ತೋಳಳತೆಯಲ್ಲಿ ಕೂರಿಸಿಕೊಂಡು ಪರೀಕ್ಷಿಸಿ. ಬಸ್ಸು ಓಡುತ್ತಿರುವಾಗ ಎಂಜಿನ್ನಿನ ಸದ್ದೇ ಸೋರಿಕೆಯನ್ನು ನುಂಗುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದೊಡನೆ, ಏರಿಸಿಟ್ಟ ವಾಲ್ಯೂಮ್ ಮುಂದಿನ ಸೀಟಿನವರೆಗೂ ಕೇಳುತ್ತದೆ. ನನ್ನ ಹೆಚ್ಚಿನ ಕಳವಳ ನಿಮ್ಮ ಕಿವಿಯದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ ಕೇಳಬಹುದೆನ್ನುವುದು 80 ಡೆಸಿಬೆಲ್ ಸದ್ದನ್ನು. 90ಕ್ಕೆ ಏರಿದರೆ ಆ ಅವಧಿ 4 ಗಂಟೆಗೆ ಇಳಿಯುತ್ತದೆ. ಕಿವಿ ತೆರೆದಿಟ್ಟು ಬಸ್ಸಿನ ಗದ್ದಲವನ್ನು ಮೀರಿಸಲು ಹೊರಟರೆ ಆ ಮಟ್ಟ ಮುಟ್ಟುವುದು ಕಷ್ಟವೇನಲ್ಲ. ಬಸ್ಸಿಗೆಂದೇ ಕೊಳ್ಳುವುದಾದರೆ ಕಿವಿ ಮುಚ್ಚುವ ಮಾದರಿಯನ್ನೇ ಕೊಳ್ಳಿ.