ಕಾರಿನ ಎಂಜಿನ್ ಡೇಟಾ ಬರೆದಿಟ್ಟು ಗ್ರಾಫ್ ಹಾಕುವ ಪ್ರೋಗ್ರಾಂ ನಾವೇ ಮಾಡಿಕೊಳ್ಳಬಹುದಾ? ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಇಷ್ಟು: 2016ರ ಪೆಟ್ರೋಲ್ ಕಾರಿದೆ, ಪೈಥಾನ್ ಅಷ್ಟಿಷ್ಟು ಬರುತ್ತದೆ, ಎಂಜಿನ್ನಿನ ಲೆಕ್ಕಗಳನ್ನು ದಾಖಲಿಸಿ ಗ್ರಾಫ್ ನೋಡುವ ಆಸೆ. ರೆಡಿ ಆ್ಯಪ್ ಇರುವಾಗ ಸ್ವಂತ ಬರೆಯುವುದರಲ್ಲಿ ಅರ್ಥ ಇದೆಯಾ ಅಂತಲೂ ಕೇಳಿದ್ದೀರಿ.

ಮೀಟರ್ ಓಡುವುದನ್ನು ನೋಡಬೇಕು ಅಂತಿದ್ದರೆ ಅರ್ಥ ಇಲ್ಲ. ಟಾರ್ಕ್ ಥರದ ಆ್ಯಪ್ ಹಾಕಿಕೊಳ್ಳಿ, ಮುಗಿಯಿತು. ಆದರೆ ಮೈಲೇಜ್ ಯಾಕೆ ಬಿತ್ತು, ಬೆಳಗ್ಗೆ ಐಡಲ್ ಯಾಕೆ ನಡುಗುತ್ತದೆ ಅನ್ನುವ ಹಾಗೆ ನಿಮ್ಮದೇ ಒಂದು ಪ್ರಶ್ನೆ ಇದ್ದರೆ ಸ್ವಂತದ್ದು ಬರೆಯಿರಿ. ಗ್ರಾಫ್ ಹಾಕುವುದು ಒಂದು ಸಂಜೆಯ ಕೆಲಸ. ತಲೆ ತಿನ್ನುವುದು ಡೇಟಾ ಬರೆದಿಡುವ ಭಾಗ. ಹಾಗಾಗಿ ನಾನು ಜಾಸ್ತಿ ಹೇಳುವುದೂ ಅದರ ಬಗ್ಗೆಯೇ.

ನಮ್ಮಲ್ಲಿ ಕಾರುಗಳಿಗೆ ಒಬಿಡಿ-2, ಅಂದರೆ ಎಂಜಿನ್ನಿನ ಸ್ಥಿತಿಯನ್ನು ಹೊರಗಿನಿಂದ ಓದಲು ಬಿಡುವ ವ್ಯವಸ್ಥೆ, ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಿಂದ. ನಿಮ್ಮ ಕಾರಿನಲ್ಲಿ ಅದು ಇದ್ದೇ ಇರುತ್ತದೆ. ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ, 16 ಪಿನ್ನಿನ ಸಾಕೆಟ್ ಸಿಗುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಆನ್‌ಲೈನಲ್ಲಿ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಒಳಗಿರುವುದು ಕಾರಿನ ಭಾಷೆಯನ್ನು ಸರಳ ಅಕ್ಷರಗಳಿಗೆ ತಿರುಗಿಸುವ ಇಎಲ್‌ಎಂ327 ಚಿಪ್ಪಿನ ನಕಲು. ಅಸಲಿ ಚಿಪ್ ಮಾಡಿದ್ದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್. ನಕಲಿಗಳು ತಾವು ವರ್ಷನ್ 1.5 ಅಥವಾ 2.1 ಅಂತ ಹೇಳಿಕೊಳ್ಳುತ್ತವೆ. ತಮಾಷೆ ಅಂದರೆ ಆ ಕಂಪನಿ 1.5 ಅನ್ನುವ ಚಿಪ್ ಮಾರಿದ್ದೇ ಇಲ್ಲ. ಆದರೂ 2.1 ಅನ್ನುವ ಎಷ್ಟೋ ಅಡಾಪ್ಟರ್‌ಗಳಿಗಿಂತ ಈ ಸುಳ್ಳು 1.5 ವಾಸಿ. ಆ 2.1ಗಳಲ್ಲಿ ಎಷ್ಟೋ ಕಮಾಂಡ್‌ಗಳಿಗೆ ಪ್ರಶ್ನಾರ್ಥಕ ಚಿಹ್ನೆಯೇ ಉತ್ತರ.

ಪೈಥಾನ್-ಒಬಿಡಿ ಅಂತ ಒಳ್ಳೆಯ ಲೈಬ್ರರಿ ಇದೆ. ಅದನ್ನು ಮುಟ್ಟುವ ಮೊದಲು ಒಂದು ಸಲ ಸೀರಿಯಲ್ ಟರ್ಮಿನಲ್ (ಅಡಾಪ್ಟರಿಗೆ ಟೈಪ್ ಮಾಡಿ ಉತ್ತರ ಓದುವ ಪ್ರೋಗ್ರಾಂ) ತೆಗೆದು ಕೈಯಾರೆ ಮಾತಾಡಿ ನೋಡಿ. ಬ್ಲೂಟೂತ್ ಪಿನ್ ಸಾಮಾನ್ಯವಾಗಿ 1234. ಕೀ ಆನ್ ಮಾಡಿ, ಎಟಿಝಡ್ ಅಂತ ಟೈಪ್ ಮಾಡಿದರೆ ಚಿಪ್ ರೀಸೆಟ್ ಆಗಿ ತನ್ನ ಹೆಸರು ಹೇಳುತ್ತದೆ. ಎಟಿಎಸ್‌ಪಿ0 ಅಂದರೆ ಕಾರಿನ ಪ್ರೊಟೊಕಾಲ್, ಅಂದರೆ ಅದು ಮಾತಾಡುವ ಕ್ರಮ, ಯಾವುದು ಅಂತ ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ 0105 ಅನ್ನಿ, ಅದು ಕೂಲೆಂಟ್ (ಎಂಜಿನ್ ತಂಪು ಮಾಡುವ ನೀರು) ಎಷ್ಟು ಬಿಸಿ ಅನ್ನುವ ಪ್ರಶ್ನೆ. 41 05 80 ಅಂತ ಬಂತು ಅನ್ನಿ. ಮೊದಲ ಎರಡು ಬರೀ ನಿಮ್ಮ ಪ್ರಶ್ನೆಯ ಪ್ರತಿಧ್ವನಿ. ಕೊನೆಯ 80 ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿದೆ, ನಮ್ಮ ಲೆಕ್ಕಕ್ಕೆ 128. ಅದರಲ್ಲಿ 40 ಕಳೆದರೆ 88. ಕೂಲೆಂಟ್ ಬಿಸಿ 88 ಡಿಗ್ರಿ. ಆರ್‌ಪಿಎಂಗೆ ಎರಡು ಬೈಟ್ ಬರುತ್ತವೆ. 13 88 ಬಂದರೆ ಎರಡೂ ಸೇರಿ 5000, ನಾಲ್ಕರಿಂದ ಭಾಗಿಸಿದರೆ 1250. ಸ್ಪೀಡ್ ಇನ್ನೂ ಸುಲಭ, ಬಂದ ಬೈಟೇ ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನುವ ಲೆಕ್ಕ. ಇಷ್ಟೇ ಕಣ್ರೀ ಒಳಗಿನ ಗುಟ್ಟು.

ಇನ್ನು ರೆಕಾರ್ಡರ್. ನನ್ನ ಖಡಕ್ ಅಭಿಪ್ರಾಯ: ರೆಕಾರ್ಡರ್ ದಡ್ಡ ಆಗಿರಬೇಕು. ಲೆಕ್ಕ ಹಾಕಬಾರದು, ಗ್ರಾಫ್ ಬಿಡಿಸಬಾರದು. ಕೇಳಿದ್ದೇನು, ಬಂದದ್ದೇನು, ಯಾವಾಗ ಬಂತು ಅನ್ನುವ ಮೂರನ್ನೇ ಹಸಿ ಅಕ್ಷರಗಳಲ್ಲಿ ಒಂದು ಸಾಲಿಗೆ ಬರೆದು ಮುಂದೆ ಹೋಗಬೇಕು. ಸೂತ್ರ ಹಾಕುವ ಕೆಲಸ ಮನೆಗೆ ಬಂದ ಮೇಲೆ, ಬೇರೆ ಪ್ರೋಗ್ರಾಂನಲ್ಲಿ. ಸೂತ್ರ ಆಮೇಲೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಮಂಗಳೂರಿಗೆ ಹೋಗಿ ಬಂದ ದಾರಿಯನ್ನು ಮತ್ತೆ ಓಡಿಸಲಾಗುವುದಿಲ್ಲ, ಅಲ್ವಾ?

ಉತ್ತರ ಓದುವಾಗ ಸ್ಲೀಪ್ ಹಾಕಿಕೊಂಡು ಕಾಯಬೇಡಿ. ಚಿಪ್ ತನ್ನ ಮಾತು ಮುಗಿಸಿದಾಗ > ಚಿಹ್ನೆ ಕಳಿಸುತ್ತದೆ. ಅದು ಬರುವವರೆಗೆ ಓದಿ, ಬಂದ ತಕ್ಷಣ ಮುಂದಿನದ್ದು ಕೇಳಿ. ನಡುವೆ ಆಗೊಮ್ಮೆ ಈಗೊಮ್ಮೆ ಸೊನ್ನೆ ಬೈಟ್ ನುಸುಳುತ್ತದೆ, ಎಸೆಯಿರಿ. ‘ನೋ ಡೇಟಾ’, ‘ಸರ್ಚಿಂಗ್’ ಅಂತ ಬಂದರೆ ಅದನ್ನೂ ಹಾಗೇ ಬರೆದಿಡಿ. ಯಾವ ಹೊತ್ತಿಗೆ ಉತ್ತರ ಬರಲಿಲ್ಲ ಅನ್ನುವುದೂ ಮಾಹಿತಿಯೇ. ಸಮಯಕ್ಕೆ ಮಾನೋಟಾನಿಕ್ ಗಡಿಯಾರ, ಅಂದರೆ ಎಂದೂ ಹಿಂದಕ್ಕೆ ಹೋಗದ ಗಡಿಯಾರ, ಬಳಸಿ. ದಾರಿ ಮಧ್ಯೆ ನೆಟ್‌ವರ್ಕ್ ಸಿಕ್ಕಿ ಸಿಸ್ಟಂ ಗಡಿಯಾರ ಸರಿಹೋದರೆ ನಿಮ್ಮ ಗ್ರಾಫ್ ಹಿಂದಕ್ಕೆ ಜಿಗಿಯುತ್ತದೆ. ಪ್ರತಿ ಸಾಲನ್ನೂ ಮೆಮೊರಿಯಲ್ಲಿ ಉಳಿಸಿಕೊಳ್ಳದೆ ಆಗಲೇ ಫೈಲಿಗೆ ಫ್ಲಶ್ ಮಾಡಿ, ಯಾಕೆಂದರೆ ಕಾರಿನಲ್ಲಿ ಯಾರೂ ಶಟ್‌ಡೌನ್ ಮಾಡಿ ಇಳಿಯುವುದಿಲ್ಲ. ಕೀ ತಿರುಗಿಸಿ ಹೊರಡುತ್ತಾರೆ.

ವೇಗದ ಬಗ್ಗೆ ದೊಡ್ಡ ಆಸೆ ಬೇಡ. ಕಾರು ಕ್ಯಾನ್ ಪ್ರೊಟೊಕಾಲ್‌ನದ್ದಾದರೆ ಇಂಥ ಅಡಾಪ್ಟರಿನಲ್ಲಿ ಸೆಕೆಂಡಿಗೆ ಹತ್ತು ಹದಿನೈದು ಪ್ರಶ್ನೆ ಕೇಳಬಹುದು. ಹಳೆಯ ಕೆ-ಲೈನ್ ಆದರೆ ನಾಲ್ಕೈದು ಬಂದರೆ ಪುಣ್ಯ, ಅದರ ತಂತಿಯೇ ಸೆಕೆಂಡಿಗೆ 10,400 ಬಿಟ್‌ನದ್ದು. ಕ್ಯಾನ್‌ನಲ್ಲಿ ಸಾಮಾನ್ಯವಾಗಿ 5 ಲಕ್ಷ. ಆದ್ದರಿಂದ ಎಲ್ಲವನ್ನೂ ಸರದಿಯಲ್ಲಿ ಕೇಳಬೇಡಿ. ಆರ್‌ಪಿಎಂ, ಸ್ಪೀಡ್, ಥ್ರಾಟಲ್ ಪ್ರತಿ ಸುತ್ತಿಗೂ ಇರಲಿ. ಕೂಲೆಂಟ್ ಐದು ಸೆಕೆಂಡಿಗೊಮ್ಮೆ ಸಾಕು, ಅದು ಓಡಿಹೋಗುವ ವಸ್ತು ಅಲ್ಲ. ಸಣ್ಣ ಉಪಾಯ ಒಂದಿದೆ: ಪ್ರಶ್ನೆಯ ಕೊನೆಗೆ 1 ಸೇರಿಸಿದರೆ ‘ಒಂದು ಉತ್ತರ ಬಂದರೆ ಸಾಕು, ಇನ್ನು ಕಾಯಬೇಡ’ ಅಂತ ಚಿಪ್ಪಿಗೆ ಅರ್ಥ. 0105 ಬದಲು 01051. ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಆಟೋಮ್ಯಾಟಿಕ್ ಕಾರಾದರೆ ಹುಷಾರು, ಕೆಲವು ಪ್ರಶ್ನೆಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಉತ್ತರಿಸುತ್ತವೆ. ಎಟಿಎಚ್1 ಹಾಕಿ, ಉತ್ತರ ಯಾರದ್ದು ಅಂತ ಹೇಳುವ ಹೆಡರ್ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿ ಸಿಗುವುದೇನು ಅಂತ ಕೇಳಿದರೆ ನಮ್ಮ ಭಾವನ ಕಾರಿನ ಕಥೆ ಹೇಳಬೇಕು. ‘ಮೈಲೇಜೇ ಬರ್ತಿಲ್ಲ ಮಾರಾಯ’ ಅಂತ ಗೊಣಗುತ್ತಿದ್ದರು. ಚೆಕ್ ಎಂಜಿನ್ ದೀಪ ಉರಿದಿರಲಿಲ್ಲ. ಅವರ ಕಾರಿಗೆ ಟೆಂಪರೇಚರ್ ಮುಳ್ಳೂ ಇಲ್ಲ. ನೀಲಿ ದೀಪ ಆರಿದರೆ ಬಿಸಿಯಾಯಿತು ಅಂತ ಲೆಕ್ಕ. ಹಾಸನದಿಂದ ಮಂಗಳೂರಿಗೆ ಹೊರಟಾಗ ನನ್ನ ಲಾಗರ್ ಸಿಕ್ಕಿಸಿ ಕೊಟ್ಟೆ. ಗ್ರಾಫ್‌ನಲ್ಲಿ ಕೂಲೆಂಟ್ ಗೆರೆ ಮೆಲ್ಲಗೆ ಹತ್ತುತ್ತಾ ಹತ್ತುತ್ತಾ ಎಪ್ಪತ್ತೈದರ ಆಸುಪಾಸಿನಲ್ಲೇ ತಿಣುಕುತ್ತಿತ್ತು. ಸಕಲೇಶಪುರ ಪೇಟೆಯ ಟ್ರಾಫಿಕ್‌ನಲ್ಲಿ ನಿಂತಾಗ ಎಂಬತ್ತು ದಾಟಿತು. ಶಿರಾಡಿ ಘಾಟಿ ಇಳಿಯಲು ಶುರುವಾದ ಮೇಲೆ ಅರವತ್ತೆಂಟಕ್ಕೆ ಬಿತ್ತು. ಅದರ ಕೆಳಗೆ ಹಾಕಿದ್ದ ಗ್ರಾಫ್‌ನಲ್ಲಿ ಮ್ಯಾಪ್ ಸೆನ್ಸರ್, ಅಂದರೆ ಇನ್‌ಟೇಕಿನ ಒತ್ತಡ, ಇಪ್ಪತ್ತೈದು ಕಿಲೋಪಾಸ್ಕಲ್ ಸುತ್ತ ಮಲಗಿತ್ತು. ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನೇ ಕಟ್ ಮಾಡುತ್ತದೆ, ಬಿಸಿ ಹುಟ್ಟುವುದಿಲ್ಲ. ಅದು ಸರಿ. ಆದರೆ ಥರ್ಮೋಸ್ಟಾಟ್ ಸರಿ ಇದ್ದಿದ್ದರೆ ನೀರು ತಣ್ಣಗಾಗುತ್ತಿದ್ದ ಹಾಗೆ ಮುಚ್ಚಿಕೊಂಡು ರೇಡಿಯೇಟರ್ ದಾರಿ ತಡೆಯಬೇಕಿತ್ತು. ಇದು ತೆರೆದೇ ಕೂತಿದೆ ಅಂತ ಗೆರೆ ನೋಡಿದರೇ ಗೊತ್ತಾಗುತ್ತಿತ್ತು. ಎಂಜಿನ್ ತಣ್ಣಗಿದ್ದಷ್ಟೂ ಇಸಿಯು ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಬಿಡುತ್ತದೆ. ಮೆಕ್ಯಾನಿಕ್ ಬಿಚ್ಚಿ ನೋಡಿದ, ವಾಲ್ವ್ ಬಾಯಿ ತೆರೆದೇ ಇತ್ತು. ಹೊಸದು ಹಾಕಿದ ಮೇಲೆ ಅದೇ ಘಾಟಿಯಲ್ಲಿ ಗೆರೆ ಎಂಬತ್ತೈದರಿಂದ ಕೆಳಗೆ ಇಳಿಯಲಿಲ್ಲ.

ಮ್ಯಾಪ್ ಸೆನ್ಸರ್ ಮಾತು ಬಂತು, ಅದನ್ನು ಪರೀಕ್ಷಿಸುವುದೂ ಸುಲಭ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಓದಿ. ಆಗ ಅದು ಊರಿನ ಗಾಳಿಯ ಒತ್ತಡವನ್ನೇ ಹೇಳಬೇಕು. ಬೆಂಗಳೂರಲ್ಲಿ ತೊಂಬತ್ತೊಂದು ಕಿಲೋಪಾಸ್ಕಲ್ ಹತ್ತಿರ, ಮಂಗಳೂರಲ್ಲಿ ನೂರೊಂದರ ಹತ್ತಿರ. ನಿಮ್ಮ ಪ್ರೋಗ್ರಾಂ ಬೇರೆ ಏನೋ ತೋರಿಸಿದರೆ ಸೂತ್ರ ತಪ್ಪಿರಬೇಕು ಇಲ್ಲಾ ಸೆನ್ಸರ್ ಕೆಟ್ಟಿರಬೇಕು.

ಮೈಲೇಜ್ ಲೆಕ್ಕ ಎಲ್ಲರಿಗೂ ಬೇಕು. ಕಾರಿನಲ್ಲಿ ಮ್ಯಾಫ್ ಸೆನ್ಸರ್ ಇದ್ದರೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಒಳಗೆ ಹೋಯಿತು ಅಂತ ನೇರ ಸಿಗುತ್ತದೆ. ಅದನ್ನು 14.7ರಿಂದ ಭಾಗಿಸಿದರೆ ಪೆಟ್ರೋಲಿನ ಗ್ರಾಂ, 740 ಗ್ರಾಂಗೆ ಸುಮಾರು ಒಂದು ಲೀಟರ್. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಮ್ಯಾಫ್ ಇರುವುದಿಲ್ಲ, ಮ್ಯಾಪ್ ಮಾತ್ರ. ಆಗ ಆರ್‌ಪಿಎಂ, ಮ್ಯಾಪ್, ಒಳಬರುವ ಗಾಳಿಯ ಬಿಸಿ, ಎಂಜಿನ್ ಸಿಸಿ ಸೇರಿಸಿ ಗಾಳಿಯ ತೂಕ ಊಹಿಸಬೇಕು. 1.2 ಲೀಟರ್ ಎಂಜಿನ್, 800 ಆರ್‌ಪಿಎಂ, 35 ಕಿಲೋಪಾಸ್ಕಲ್, 40 ಡಿಗ್ರಿ, ಸಿಲಿಂಡರ್ ತುಂಬುವ ಪ್ರಮಾಣ ಶೇಕಡಾ 70 ಅಂತಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 2.2 ಗ್ರಾಂ ಗಾಳಿ. ಅಂದರೆ ಸುಮ್ನೆ ನಿಂತಿದ್ದಕ್ಕೆ ಗಂಟೆಗೆ ಮುಕ್ಕಾಲು ಲೀಟರಿನ ಹತ್ತಿರ. ಆ 70 ಅನ್ನುವುದು ಊಹೆ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಬಂಕಿನ ಲೀಟರ್ ಜೊತೆ ತಾಳೆ ನೋಡಿ ಅದನ್ನು ಸರಿಪಡಿಸಿಕೊಳ್ಳಿ. ಡೀಸೆಲ್‌ಗೆ ಈ 14.7ರ ಲೆಕ್ಕ ನಡೆಯುವುದಿಲ್ಲ, ಇನ್ನು ಫ್ಯೂಯಲ್ ಕಟ್ ಆದ ಹೊತ್ತನ್ನು ಸೊನ್ನೆ ಅಂತ ಹಿಡಿಯದಿದ್ದರೆ ಘಾಟಿ ದಾರಿಯ ಲೆಕ್ಕ ಪೂರ್ತಿ ಕೆಡುತ್ತದೆ.

ಗ್ರಾಫ್‌ಗೆ ಮ್ಯಾಟ್‌ಪ್ಲಾಟ್‌ಲಿಬ್ ಧಾರಾಳ ಸಾಕು. ಎಲ್ಲ ಗೆರೆಯನ್ನೂ ಒಂದೇ ಚೌಕದಲ್ಲಿ ತುರುಕಬೇಡಿ. ಒಂದರ ಕೆಳಗೊಂದು ಇಟ್ಟು ಸಮಯದ ಅಕ್ಷ ಮಾತ್ರ ಎಲ್ಲಕ್ಕೂ ಒಂದೇ ಇರಲಿ, ಒಂದನ್ನು ಹಿಗ್ಗಿಸಿದರೆ ಎಲ್ಲ ಹಿಗ್ಗಬೇಕು. ಎರಡು ಬಿಂದುಗಳ ನಡುವೆ ಕೇಳುವ ಅವಧಿಗಿಂತ ತುಂಬಾ ಜಾಸ್ತಿ ಅಂತರ ಇದ್ದರೆ ಗೆರೆ ಕತ್ತರಿಸಿ. ಇಲ್ಲದಿದ್ದರೆ ಬ್ಲೂಟೂತ್ ಕಡಿದುಹೋದ ಹೊತ್ತಿಗೂ ಒಂದು ಚಂದದ ನೇರ ಗೆರೆ ಎಳೆದು ಅದು ನಿಮ್ಮನ್ನು ನಂಬಿಸಿಬಿಡುತ್ತದೆ.

ಕೋಡ್ ಬರೆಯಲು ಪ್ರತಿ ಸಲ ಲ್ಯಾಪ್‌ಟಾಪ್ ಹಿಡಿದು ಕಾರಿಗೆ ಇಳಿಯಬೇಕಿಲ್ಲ. ಇಎಲ್‌ಎಂ327-ಎಮ್ಯುಲೇಟರ್ ಅಂತ ಪೈಥಾನ್ ಪ್ಯಾಕೇಜ್ ಇದೆ, ಮನೆಯಲ್ಲೇ ಸುಳ್ಳು ಕಾರು. ಓಡಿಸುವಾಗ ಪರದೆ ನೋಡಬೇಡಿ, ಪಕ್ಕದಲ್ಲಿ ಯಾರಾದರೂ ಇದ್ದರೂ ಅವರೂ ಸುಮ್ನೆ ಕೂರಲಿ, ರೆಕಾರ್ಡರ್ ತಾನೇ ಬರೆದುಕೊಳ್ಳುತ್ತದೆ.

ಇನ್ನೆರಡು ಎಚ್ಚರಿಕೆ. ಪ್ರೋಗ್ರಾಂ 01ರಿಂದ ಶುರುವಾಗುವ ಪ್ರಶ್ನೆ ಮಾತ್ರ ಕಳಿಸುವಂತೆ ಬೀಗ ಹಾಕಿ. 04 ಕಳಿಸಿದರೆ ಕಾರಿನ ಎರರ್ ಕೋಡ್‌ಗಳೆಲ್ಲ ಅಳಿಸಿಹೋಗುತ್ತವೆ, ಮೆಕ್ಯಾನಿಕ್‌ಗೆ ಬೇಕಾದ ಸುಳಿವೂ ಜೊತೆಗೇ ಹೋಗುತ್ತದೆ. ಮತ್ತೆ ಆ ಸಾಕೆಟ್ಟಿನ 16ನೇ ಪಿನ್‌ಗೆ ಕೀ ತೆಗೆದ ಮೇಲೂ ಬ್ಯಾಟರಿಯ ಕರೆಂಟ್ ಇರುತ್ತದೆ. ಒಂದು ವಾರ ಊರಿಗೆ ಹೋಗುವುದಿದ್ದರೆ ಅಡಾಪ್ಟರ್ ಕಿತ್ತು ಡ್ಯಾಶ್‌ಬೋರ್ಡ್ ಒಳಗೆ ಹಾಕಿ ಹೋಗಿ.