ಶಿರಸಿ ಕಡೆಯ ಹಳ್ಳಿಯಲ್ಲಿ ಒಬ್ಬರೇ ಇರುವ ಅಮ್ಮನಿಗೆ ಆಸರೆ ಹುಡುಕುವುದು ಎಲ್ಲಿಂದ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಮ್ಮನಿಗೆ 76. ಅಂಚೆ ಇಲಾಖೆಯಲ್ಲಿದ್ದ ಅಪ್ಪ ತೀರಿಕೊಂಡು ಎರಡು ವರ್ಷ. ಶಿರಸಿಯಿಂದ ಹದಿನೆಂಟು ಕಿ.ಮೀ. ಒಳಗೆ, ತೋಟದ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಈ ಮಳೆಗಾಲದಲ್ಲಿ ಒಮ್ಮೆ ಬಚ್ಚಲಲ್ಲಿ ಬಿದ್ದಿದ್ದಾರೆ, ಇತ್ತೀಚೆಗೆ ಮಾತು ಹಿಂದುಮುಂದಾಗುತ್ತಿದೆ, ಬೆಂಗಳೂರಿಗೆ ಮಾತ್ರ ಬರಲೊಲ್ಲರು. ಅಣ್ಣ 'ತೋಟ ನನ್ನ ಹೆಸರಿಗೆ ಮಾಡಿಕೊಡಲಿ, ನೋಡಿಕೊಳ್ಳುತ್ತೇನೆ' ಅನ್ನುತ್ತಿದ್ದಾರೆ. ಶಿರಸಿ, ಕಾರವಾರ ಕಡೆ ಒಳ್ಳೆಯ ವೃದ್ಧಾಶ್ರಮ ಯಾವುದು ಎಂದು ಕೇಳಿದ್ದೀರಿ.

ನಾನೂ ಶಿರಸಿ ಕಡೆಯ ಹಳ್ಳಿಯವಳೇ, ಕೊಟ್ಟದ್ದು ಕುಮಟಾಕ್ಕೆ. ಆಯಿಯನ್ನು, ಅಂದರೆ ನನ್ನ ಅಮ್ಮನನ್ನು, ಏಳು ವರ್ಷ ದೇವಿಮನೆ ಘಟ್ಟ ಹತ್ತಿ ಇಳಿದು ನೋಡಿಕೊಂಡೆ. ನಾನು ಹೇಳುವುದು ಇಷ್ಟು: ಆಶ್ರಮದ ಹೆಸರು ಹುಡುಕುವ ಮೊದಲು, ನಿಮ್ಮ ಅಮ್ಮನಿಗೆ ದಿನದ ಯಾವ ಹೊತ್ತಿನಲ್ಲಿ ಇನ್ನೊಬ್ಬರು ಬೇಕು ಎಂಬುದನ್ನು ತಿಳಿದುಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಅದಕ್ಕೂ ಮೊದಲು ಡಾಕ್ಟರು. ಮಾತು ಹಿಂದುಮುಂದಾಗುವುದನ್ನು ಅರಳುಮರಳು ಎಂದು ಬಿಟ್ಟುಬಿಡಬೇಡಿ. ನಾವು ಹಾಗೆ ಬಿಟ್ಟೆವು, ಆ ಸಂಕಟ ನನಗೆ ಈಗಲೂ ಇದೆ. ಒಂದು ಸಂಜೆ ಆಯಿ ಬೇಲಿಯ ದಣಪೆ ಕಡೆ ನೋಡುತ್ತ 'ಅಪ್ಪಯ್ಯ ಬೈಂದ, ಆಸ್ರಿಗೆ ಕೊಡು' ಅಂದಳು, ಅಂದರೆ ಅಪ್ಪ ಬಂದಿದ್ದಾನೆ, ಕುಡಿಯಲು ಕೊಡು ಎಂದು. ಅಜ್ಜ ತೀರಿ ಆಗಲೇ ನಲವತ್ತು ವರ್ಷ. ವಯಸ್ಸಾಯಿತು, ಇನ್ನು ಹೀಗೇ ಅಂದುಕೊಂಡು ಹತ್ತು ದಿನ ಕಳೆದೆವು. ಊಟ ಬಿಟ್ಟ ಮೇಲೆ ಆಸ್ಪತ್ರೆಗೆ ಒಯ್ದರೆ ರಕ್ತದಲ್ಲಿ ಸೋಡಿಯಂ 118! ಇರಬೇಕಾದದ್ದು 135ರಿಂದ 145. ಬಿಪಿ ಇದೆಯೆಂದು ಆಯಿ ಉಪ್ಪನ್ನೇ ಬಿಟ್ಟಿದ್ದಳು, ಗಂಜಿಗೂ ಇಲ್ಲ, ತಂಬುಳಿಗೂ ಇಲ್ಲ. ಸಾಲದ್ದಕ್ಕೆ ಅವಳ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡಿಸುವ ಔಷಧವೂ ಸೇರಿತ್ತು, ವಯಸ್ಸಾದವರಲ್ಲಿ ಅದು ಸೋಡಿಯಂ ಇಳಿಸಬಹುದು. ಮಾತ್ರೆ ಬದಲಿಸಿ, ಅವಸರ ಮಾಡದೆ ಸೋಡಿಯಂ ಏರಿಸಿದರು. ಐದನೆಯ ಬೆಳಿಗ್ಗೆ ಕಣ್ಣು ಬಿಟ್ಟವಳೇ 'ಗೌರಿ ಕರು ಹಾಕ್ತಾ?' ಎಂದು ಕೇಳಿದಳು.

ಸೋಡಿಯಂ, ಸಕ್ಕರೆ, ಥೈರಾಯ್ಡ್, ವಿಟಮಿನ್ ಬಿ12, ಮೂತ್ರದ ಸೋಂಕು ಇಷ್ಟನ್ನು ಶಿರಸಿಯಲ್ಲೇ ಪರೀಕ್ಷೆ ಮಾಡಿಸಬಹುದು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಹಳೆಯದು ಹೊಸದು ಅನ್ನದೆ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕಿವಿ ಕೇಳಿಸದಿದ್ದರೂ ಉತ್ತರ ತಪ್ಪುತ್ತದೆ, ಅದನ್ನೂ ನೋಡಿಸಿ. ಗಂಡ ಹೋದ ದುಃಖವೂ ಮರೆವಿನ ಹಾಗೆ ಕಾಣುತ್ತದೆ. ಮನಸ್ಸಿನ ವಿಷಯಕ್ಕೆ 14416 ಟೆಲಿಮಾನಸ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇದೆಲ್ಲ ಆದಮೇಲೂ ಮರೆವು ಹೆಚ್ಚುತ್ತಿದ್ದರೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ನರರೋಗ ತಜ್ಞರಿಗೆ ತೋರಿಸಿ.

ಆಮೇಲೆ ಒಂದು ವಾರ ರಜೆ ಹಾಕಿ ಅಮ್ಮನ ಜೊತೆ ಇರಿ. ಎರಡು ದಿನ ಸಾಲದು. ಹಬ್ಬಕ್ಕೆ ಬಂದ ಮಕ್ಕಳ ಮುಂದೆ ಯಾವ ತಾಯಿಯೂ ತನ್ನ ಕೈಲಾಗದ್ದನ್ನು ತೋರಿಸುವುದಿಲ್ಲ. ಮೂರನೆಯ ದಿನಕ್ಕೆ ಸುಸ್ತಾಗುತ್ತಾರೆ, ನಾಲ್ಕನೆಯ ದಿನ ನಿಜ ಕಾಣುತ್ತದೆ. ನಾನು ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಹಾಕಿ ಬರೆದೆ. ಬೆಳಿಗ್ಗೆ ಐದೂವರೆಗೆ ಹಂಡೆ ಒಲೆಗೆ ಬೆಂಕಿ ಹಾಕಲು ಹಾವಸೆಗಟ್ಟಿದ ಮೆಟ್ಟಿಲಿಳಿದು ಕತ್ತಲಲ್ಲಿ ಹೋಗುತ್ತಾಳೆ. ಹಗಲೆಲ್ಲ ಗಟ್ಟಿ. ಸಂಜೆ ನಾಲ್ಕರಿಂದ ಗಾಬರಿ, ಬಾಗಿಲು ಹಾಕಿದೆಯಾ ಎಂದು ಆರು ಸಲ ನೋಡುತ್ತಾಳೆ. ರಾತ್ರಿ ಎರಡು ಸಲ ಏಳುತ್ತಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ಅಷ್ಟು ಬರೆದ ಮೇಲೆ ಗೊತ್ತಾಯಿತು: ಆಯಿಗೆ ದಿನವಿಡೀ ಇರುವ ನರ್ಸ್ ಬೇಕಿರಲಿಲ್ಲ. ಸಂಜೆ ಐದಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೋಗುವ ಒಬ್ಬರು ಬೇಕಿತ್ತು.

ಅದನ್ನು ತಿಳಿಯುವ ಮೊದಲು ನಾವು ಏಜೆನ್ಸಿಯೊಂದರಿಂದ ಹೋಮ್ ನರ್ಸ್ ತರಿಸಿದ್ದೆವು. ನಾಲ್ಕು ತಿಂಗಳಲ್ಲಿ ಮೂವರು ಬದಲಾದರು. ಕೊನೆಯಾಕೆ ಚೌತಿಯ ವಾರ ಹೇಳದೆ ಹೋದಳು. ಅವಳದೂ ತಪ್ಪೆನ್ನಲಾರೆ, ಮಾತಿಗೊಬ್ಬರಿಲ್ಲದ ಒಂಟಿ ಮನೆಯಲ್ಲಿ, ಆಯಿಯ ಮಾತು ಅರ್ಥವಾಗದೆ, ಇಪ್ಪತ್ತೆರಡರ ಹುಡುಗಿ ಎಷ್ಟು ದಿನ ಇದ್ದಾಳು? ಆಮೇಲೆ ಸಿಕ್ಕಿದ್ದು ಅದೇ ಊರಿನ, ಮಕ್ಕಳ ಮದುವೆ ಮುಗಿಸಿದ್ದ ಒಬ್ಬ ಹೆಂಗಸು. ತಿಂಗಳಿಗೆ 9,000 ಕೊಡುತ್ತಿದ್ದೆವು, ವಾರಕ್ಕೊಂದು ರಜೆ, ಅವಳ ಆರೋಗ್ಯದ ಖರ್ಚು ಬೇರೆ. ರಜೆಯ ದಿನಕ್ಕೆ ಇನ್ನೊಬ್ಬರನ್ನು ಮೊದಲೇ ಗೊತ್ತು ಮಾಡಿಡಿ. ಒಬ್ಬರ ಮೇಲೇ ಭಾರ ಹಾಕಿದರೆ ಆ ಒಬ್ಬರೂ ಉಳಿಯುವುದಿಲ್ಲ. ಹಾಸಿಗೆ ಹಿಡಿದವರಾದರೆ, ಕೊಳವೆ, ಗಾಯ ಎಲ್ಲ ಇದ್ದರೆ, ಆಗ ತರಬೇತಿ ಪಡೆದ ನರ್ಸೇ ಬೇಕು, ಅದು ಬೇರೆ ಮಾತು.

ನಮ್ಮ ಕಡೆ ಮುಯ್ಯಾಳು ಎಂಬುದೊಂದಿದೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಆಳಾಗಿ ಹೋಗುವುದು, ನಿಮಗೂ ಗೊತ್ತಿರುತ್ತದೆ. ಕೊಯ್ಲಿಗೆ ಹೋಗುವ ಹಾಗೆ ಇದಕ್ಕೂ ಕೇಳಬಹುದು. ಪಕ್ಕದ ಮನೆಯ ಹುಡುಗ ಡೈರಿಗೆ ಹಾಲು ಒಯ್ಯುವಾಗ ನಮ್ಮ ಅಂಗಳ ಹಾದು ಹೋಗುತ್ತಿದ್ದ. ಏಳಕ್ಕೆ ಬಾಗಿಲು ತೆರೆದಿರದಿದ್ದರೆ ನನಗೆ ಫೋನು ಮಾಡಬೇಕು, ಇಷ್ಟೇ ಕರಾರು. ಅವನ ಪಿಯುಸಿ ಪುಸ್ತಕದ ಖರ್ಚು ನಮ್ಮದಾಯಿತು. ಏಳು ವರ್ಷದಲ್ಲಿ ಎರಡು ಸಲ ಫೋನು ಬಂತು, ಎರಡು ಸಲವೂ ಬೇಕಾದದ್ದೇ.

ಬಚ್ಚಲಿನ ರಿಪೇರಿ ಈ ವಾರವೇ ಮಾಡಿಸಿ: ಸೊಂಟದ ಎತ್ತರಕ್ಕೆ ಸ್ಟೀಲ್ ಪೈಪಿನ ಹಿಡಿಕೆ, ಒರಟು ಟೈಲ್ಸ್, ಕೂತು ಮೀಯಲು ಗಟ್ಟಿ ಸ್ಟೂಲು, ಹೊಸ್ತಿಲ ಅಂಚಿಗೆ ಬಿಳಿ ಬಣ್ಣ, ಕರೆಂಟು ಹೋದರೂ ಉರಿಯುವ ಒಂದು ದೀಪ.

ಇನ್ನು ಮನೆ. ಬೆಂಗಳೂರೋ ಹಳ್ಳಿಯೋ ಎಂದು ಎರಡೇ ದಾರಿ ಇಟ್ಟುಕೊಂಡಿದ್ದೀರಿ, ಮೂರನೆಯದು ಶಿರಸಿ ಪೇಟೆ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಟೆಯಲ್ಲಿ ಮೆಟ್ಟಿಲಿಲ್ಲದ, ರಸ್ತೆಗೆ ಸಮವಾದ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದೆವು. ದಸರೆ ಹೊತ್ತಿಗೆ ಆಯಿ ಹಳ್ಳಿಗೆ ಮರಳುತ್ತಿದ್ದಳು, ಅಡಿಕೆ ಕೊಯ್ಲು, ಸುಲಿಯುವುದು, ದೀಪಾವಳಿ ಎಲ್ಲ ಅಲ್ಲೇ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟಿಲ್ಲ, ಹಿಂದೆಯೇ ಟವರ್ ಹೋಗಿ ಫೋನೂ ಇಲ್ಲ. ಬೆಂಗಳೂರಿನಲ್ಲಿ ಕೂತ ಮಗಳಿಗೆ ಆ ಮೂರು ದಿನ ಎಷ್ಟು ಉದ್ದ ಎಂದು ನಾನು ಹೇಳಬೇಕಾಗಿಲ್ಲ.

ಆಸ್ಪತ್ರೆಯ ದೂರವನ್ನೂ ಲೆಕ್ಕ ಹಾಕಿ. ಸಣ್ಣಪುಟ್ಟದ್ದಕ್ಕೆ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಇದೆ, ಕಾರವಾರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಆದರೆ ಪಾರ್ಶ್ವವಾಯು, ಹೃದಯ, ತಲೆಗೆ ಪೆಟ್ಟು ಎಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವೆಗೆ ಓಡುವುದು ತಪ್ಪಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಹೋದರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಆಗ ಎದ್ದ ಕೂಗು ನಮ್ಮೆಲ್ಲರದು. ಹಳ್ಳಿಯಿಂದ ಪೇಟೆಗೆ ಬರುವ ಹದಿನೆಂಟು ಕಿ.ಮೀ. ಉಳಿದರೂ ಅದು ದೊಡ್ಡದೇ.

ಆಶ್ರಮವೇ ಬೇಕು ಎಂದಾದರೆ ಕರೆದು ಹೇಳಿ ಹೋಗಬೇಡಿ, ಸಂಜೆ ನಾಲ್ಕರ ಹೊತ್ತಿಗೆ ಸುಮ್ಮನೆ ಹೋಗಿ. ದೇವರ ಕೋಣೆ, ಹೂದೋಟ ತೋರಿಸುತ್ತಾರೆ, ನೀವು ಕಾಲಿನ ಉಗುರು ನೋಡಿ. ಬಗ್ಗಲಾರದವರ ಉಗುರನ್ನು ಬೇರೆಯವರೇ ಕತ್ತರಿಸಬೇಕು. ಅದು ನೀಟಾಗಿದ್ದರೆ ಉಳಿದದ್ದೂ ಬಹುತೇಕ ನಡೆಯುತ್ತಿದೆ ಎಂದು ಲೆಕ್ಕ. ನಾನು ಹೋದ ಒಂದು ಕಡೆ ಬಚ್ಚಲು ಹೊಳೆಯುತ್ತಿತ್ತು, ಆದರೆ ಅಲ್ಲಿದ್ದ ಅಜ್ಜಿಯೊಬ್ಬರ ಹೆಬ್ಬೆರಳ ಉಗುರು ಬಾಗಿ ಮಾಂಸಕ್ಕೆ ಇಳಿದಿತ್ತು. ಅಲ್ಲಿಂದ ಹಾಗೇ ಎದ್ದು ಬಂದೆ. ರಾತ್ರಿ ಯಾರು ಎಚ್ಚರ ಇರುತ್ತಾರೆ, ಆಸ್ಪತ್ರೆಗೆ ಒಯ್ಯುವವರು ಯಾರು, ಠೇವಣಿ ವಾಪಸ್ಸು ಬರುತ್ತದಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ: ನಡೆದಾಡಲಾರದ ದಿನ ಬಂದರೆ ಇಟ್ಟುಕೊಳ್ಳುತ್ತೀರಾ? ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುವ ಕಡೆಗಳೇ ಹೆಚ್ಚು. ಹೆಸರು, ವಿಳಾಸಕ್ಕೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಮಾಡಿ, ದುಡ್ಡಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8. ಊರಲ್ಲೇ ವಿಚಾರಿಸಲು ಗ್ರಾಮ ಪಂಚಾಯತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲೂಕು ಪಂಚಾಯತಿಯ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕೆಲಸ ನೋಡುವವರು ಅವರೇ.

ಈಗ ತೋಟದ ಮಾತು. ನಿಮ್ಮ ಅಣ್ಣನ ಮನಸ್ಸು ಕೆಟ್ಟದೆಂದು ನಾನು ಹೇಳುವುದಿಲ್ಲ. ಆದರೆ ಅಮ್ಮ ಈಗ ದಾನಪತ್ರ ಬರೆದುಕೊಡುವುದು ಬೇಡ. ಉಯಿಲು ಬರೆದರೆ ಸಾಕು, ಬದುಕಿರುವಷ್ಟು ದಿನ ತೋಟ ಅವರದೇ, ಬೇಕಾದರೆ ಬದಲಿಸಲೂಬಹುದು. ಕೊಡಲೇಬೇಕು ಎಂದು ಅಮ್ಮನೇ ಹಟ ಹಿಡಿದರೆ, 'ನನ್ನ ಊಟ, ವಸತಿ, ಔಷಧ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ' ಎಂಬ ಮಾತು ಪತ್ರದೊಳಗೇ ಇರಲಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಬಹುದು. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ತೀರ್ಪು ಹಿರಿಯರ ಪರವಾಗಿ ಉದಾರವಾಗಿ ನೋಡಿತು, ಆದರೂ ನೀವು ಬರಹವನ್ನೇ ನಂಬಿ. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿ ಅಂದರೆ ಎಸಿ ಸಾಹೇಬರ ಮುಂದೆ. ನಮ್ಮ ಜಿಲ್ಲೆಯಲ್ಲಿ ಆ ಕಚೇರಿ ಕಾರವಾರ, ಕುಮಟಾ, ಶಿರಸಿ, ಭಟ್ಕಳದಲ್ಲಿವೆ. ಮಕ್ಕಳಿಂದ ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸುವ ಅಧಿಕಾರವೂ ಅವರಿಗಿದೆ, 90 ದಿನದಲ್ಲಿ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಹೋಗದೆ, ಅಣ್ಣನನ್ನೂ ಕೂರಿಸಿಕೊಂಡು ಆ ನೋಟ್‌ಬುಕ್ ತೋರಿಸಿ. ನಮ್ಮ ಅಣ್ಣ ಅದನ್ನು ಓದಿ ಆಯಿಯ ರಾತ್ರಿಯ ಖರ್ಚು ತಾನಾಗಿ ವಹಿಸಿಕೊಂಡ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಅಮ್ಮನಿಗೆ ಫ್ಯಾಮಿಲಿ ಪೆನ್ಶನ್ ಇರುವುದರಿಂದ ತಿಂಗಳ 1,200ರ ಸಂಧ್ಯಾ ಸುರಕ್ಷೆ ಸಿಗಲಾರದು, ಅದು ಬಡ ಕುಟುಂಬದ, 65 ದಾಟಿದವರಿಗೆ. ಕೇಂದ್ರದ ಪೆನ್ಶನ್ ಆದ್ದರಿಂದ 80 ತುಂಬಿದಾಗ ಮೂಲ ಪೆನ್ಶನ್ನಿನ ಮೇಲೆ ಶೇ. 20 ಹೆಚ್ಚು ಬರಬೇಕು, ತಾನಾಗಿ ಬರದಿದ್ದರೆ ಕೇಳಿ. ನವೆಂಬರಿನ ಜೀವಂತ ಪ್ರಮಾಣಪತ್ರಕ್ಕೆ ಪೇಟೆಗೆ ಎಳೆದೊಯ್ಯಬೇಡಿ, 70 ರೂಪಾಯಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳಚ್ಚು ತೆಗೆದುಕೊಳ್ಳುತ್ತಾರೆ. 70 ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ಅದನ್ನೂ ಕೇಳಿ.

ಪೇಟೆ ಮನೆಗೆ ಬರಲು ಆಯಿಯೂ ಒಪ್ಪಿರಲಿಲ್ಲ. 'ಮಳೆ ಬಿಡುವವರೆಗೆ' ಎಂಬ ಮಾತಿಗೆ ಒಪ್ಪಿದಳು, ಯಾಕೆಂದರೆ ಅದು ನಿಜವಾಗಿತ್ತು, ನಾವು ದಸರೆಗೆ ಮರಳಿ ಬಿಟ್ಟೂ ಬಂದೆವು. ಮೊದಲ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ನಾನು ಹಳ್ಳಿಗೆ ಹೋಗಿ ಅವಳ ಕವಳದ (ಎಲೆಅಡಿಕೆಯ) ತಟ್ಟೆ, ಅಡಕತ್ತರಿ, ಸುಣ್ಣದ ಡಬ್ಬಿ ಎಲ್ಲ ತಂದೆ. ತಟ್ಟೆ ಇಟ್ಟುಕೊಂಡು ಜಗುಲಿಯಲ್ಲಿ ಕೂತಳು. ಮೂರನೆಯ ಸಂಜೆ ಎದುರುಮನೆಯ ಅಜ್ಜಿ ಗೇಟು ತೆಗೆದುಕೊಂಡು ಬಂದು, 'ಎಲೆ ಇದ್ದನೇ?' ಎಂದು ಕೇಳಿ ಪಕ್ಕದಲ್ಲಿ ಕೂತರು.